ಐದನೇ ಹಾಡಿನ ವಾದ್ಯ

ಹೊಸ ಆಲ್ಬಮ್ ಬಿಡುಗಡೆಯಾದ ಶುಕ್ರವಾರ ಬೆಳಿಗ್ಗೆ ಹಾಡುಗಾರ್ತಿ ಎದ್ದುಹೋಗಿ, ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ಮೂರನೆಯ ಸಲ ನೋಡಿ ಬಂದಳು. ತಂಗಿಗೆ ನಗು ಬಂತು. "ಅಕ್ಕಾ, ಆಲ್ಬಮ್ ಹೊರಗೆ ಹೋಗಿದೆ ಅಷ್ಟೇ, ಯಾರೂ ಒಳಗೆ ಬರ್ತಿಲ್ಲ. ಕೂತ್ಕೋ, ಓದ್ತೀನಿ."

ಸಂಗೀತ ಪತ್ರಿಕೆಯ ಜಾಲತಾಣದಲ್ಲಿ 'ಈ ವಾರದ ಹೊಸ ಆಲ್ಬಮ್‌ಗಳು' ಬಂದಿತ್ತು. ಜಾಝ್‌ನಲ್ಲಿ ಎಪ್ಪತ್ತು ದಾಟಿದ ಸ್ಯಾಕ್ಸೋಫೋನ್ ಅಜ್ಜ, ಎಲೆಕ್ಟ್ರಾನಿಕ್‌ನಲ್ಲಿ ಕಂಪ್ಯೂಟರ್ ಬಿಟ್ಟು ಬೇರೇನನ್ನೂ ಮುಟ್ಟದ ಅವಳಿ ಸೋದರರು, ಪಾಪ್‌ನಲ್ಲಿ ಊರೆಲ್ಲ ಗುನುಗುವ ಹುಡುಗಿ. ಕೊನೆಗೆ ಇಂಡೀ: 'ಗುಬ್ಬಿ ಎಂಬ ಯಾರೋ. ನಿಜವಾದ ಹೆಸರಿಲ್ಲ, ಫೋಟೋ ಇಲ್ಲ. ಮಲಗುವ ಕೋಣೆಯಲ್ಲಿ ಕೂತು ಹಾಡಿದ ಎಂಟು ಹಾಡುಗಳು.' ಆ ಗುಬ್ಬಿ ಇವಳೇ. ಧ್ವನಿಮುದ್ರಣವೆಲ್ಲ ತಂಗಿಯದು.

"ಕೇಳಿಲ್ಲಿ. 'ಐದನೇ ಹಾಡಿನಲ್ಲಿ ಪಲ್ಲವಿ ಮುಗಿದಾಗಲೆಲ್ಲ ಒಂದು ವಿಚಿತ್ರ ವಾದ್ಯ ಕೇಳಿಸುತ್ತದೆ. ಗುಂಯ್ ಎಂದು ಏರಿ, ಕೀರ್ ಎಂದು ಚೀರಿ, ಠಕ್ ಎಂದು ನಿಲ್ಲುತ್ತದೆ. ಯಾವ ವಾದ್ಯವೋ, ಬಲ್ಲವರು ಹೇಳಬೇಕು.' ನಮ್ಮ ಡಕೋಟಾ ಲಿಫ್ಟಿಗೆ ಬಂದ ಭಾಗ್ಯ ನೋಡಕ್ಕಾ!"

ಲಿಫ್ಟು ಏರಿಳಿಯುವುದು ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡೇ. ಎರಡು ವರ್ಷದ ಹಿಂದೆ ಗಂಡನಿಂದ ತಪ್ಪಿಸಿಕೊಂಡು ಈ ಊರಿಗೆ, ಈ ನಾಲ್ಕನೇ ಮಹಡಿಗೆ ಬಂದಾಗಿನಿಂದ, ಲಿಫ್ಟು ಕಿರುಚಿ ನಿಂತಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಹೆಜ್ಜೆಗಳು ಎದುರು ಮನೆಯ ಮೇಷ್ಟರ ಕಡೆಗೋ ಮೂಲೆಮನೆಯ ದರ್ಜಿಯ ಕಡೆಗೋ ಹೋದ ಮೇಲೆ ಉಸಿರು ಮರಳುತ್ತಿತ್ತು. ಐದನೇ ಹಾಡು ಹುಟ್ಟಿದ್ದೇ ಹಾಗೆ. 'ಇದೂ ನನಗಲ್ಲ' ಎಂಬುದು ಅದರ ಪಲ್ಲವಿ. ತಂಗಿ ಆ ಸದ್ದನ್ನು ಕತ್ತರಿಸಲು ಹೊರಟಾಗ ಬೇಡವೆಂದು ತಡೆದವಳೂ ಇವಳೇ.

ಕೆಳಗೆ ಓದುಗರು ತಲೆಗೊಂದು ಮಾತು ಬರೆದಿದ್ದರು. ಒಬ್ಬನಿಗೆ ಅದು ಶ್ರುತಿ ತಪ್ಪಿದ ಪಿಟೀಲು, ಇನ್ನೊಬ್ಬಳಿಗೆ ಎಣ್ಣೆ ಕಾಣದ ಕೀಲು, ಮತ್ತೊಬ್ಬನಿಗೆ ವಿಮರ್ಶಕರ ಅತ್ತೆ. "ಅತ್ತೆಯಂತೆ!" ಎಂದು ತಂಗಿ ಬಿದ್ದುಬಿದ್ದು ನಕ್ಕಳು. ಮುಂದಿನದನ್ನು ಓದುತ್ತ ಓದುತ್ತ ಅವಳ ದನಿ ಇಳಿಯಿತು.

'ವಾದ್ಯ ಅಲ್ಲ ಸ್ವಾಮಿ, ಲಿಫ್ಟು. ಕಂಬಿ ಬಾಗಿಲಿನ ಹಳೇ ಮಾಡೆಲ್ಲು. ಹೊರಟು ನಿಲ್ಲೋಕೆ ಹದಿನೆಂಟು ಸೆಕೆಂಡು, ಅಂದ್ರೆ ನಾಲ್ಕನೇ ಮಹಡಿ. ರೋಲರ್ ಸವೆದಿದೆ, ಅದಕ್ಕೇ ಕಿರುಚುತ್ತೆ. ಆ ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು, ಇನ್ನೂ ಓಡ್ತಿರೋವು ಮೂರೇ ಮೂರು. ಮೂರನ್ನೂ ನೋಡ್ಕೊಂಡು ಬರ್ತೀನಿ. ಅಂದಹಾಗೆ, ಗುಬ್ಬಿ ಮೂರೇ ಬೆರಳಲ್ಲಿ ಗಿಟಾರ್ ಚೆನ್ನಾಗಿ ನುಡಿಸ್ತಾಳೆ.'

ಹಾಡುಗಾರ್ತಿ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಕಣ್ಣು ಕಟ್ಟಿ ನಿಲ್ಲಿಸಿದರೂ ಸದ್ದು ಕೇಳಿ ಯಾವ ಕಟ್ಟಡವೆಂದು ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದವನು. ಹಾಡು ನಿಲ್ಲಿಸು ಎಂದು ಅವನು ಬಾಗಿಲ ಸಂದಿಗಿಟ್ಟು ಅದುಮಿದ ಅವಳ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ; ಗಿಟಾರಿನ ತಂತಿ ಒತ್ತಲು ಉಳಿದದ್ದು ಮೂರೇ ಬೆರಳು.

"ದನಿ ಗುರುತು ಹಿಡೀತಾನೆ ಅಂತ ಗೊತ್ತಿತ್ತು ಕಣೇ," ಎಂದಳು. "ದನಿಗೆ ವಿಳಾಸ ಇರಲ್ಲ ಅಂದ್ಕೊಂಡಿದ್ದೆ."

"ಆ ಹಾಡು ಈಗಲೇ ತೆಗೆದುಬಿಡ್ತೀನಿ."

"ಮುತ್ತು ಒಡೆದರೆ ಹೋಯ್ತು, ಹಾಡು ಬಿಟ್ಟರೆ ಹೋಯ್ತು. ಅವನು ಕೇಳಿಯಾಗಿದೆ."

ಪೊಲೀಸ್ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಆ ಮಾತುಗಳನ್ನು ಎರಡು ಸಲ ಓದಿದರು. "ಲಿಫ್ಟ್ ನೋಡ್ತೀನಿ ಅಂದಿದಾನೆ. ಗಿಟಾರ್ ಚೆನ್ನಾಗಿದೆ ಅಂದಿದಾನೆ. ಇದರಲ್ಲಿ ಬೆದರಿಕೆ ಎಲ್ಲಿದೆಯಮ್ಮ?" ಎಂದು ಫೋನು ವಾಪಸ್ ಕೊಟ್ಟರು.

ಬೇರೆ ಊರಿನಲ್ಲಿ ಸೋದರಮಾವನ ಖಾಲಿ ಮನೆಯೊಂದಿತ್ತು. ಬೀಗದ ಕೈ ಸಿಗುವುದು ಸೋಮವಾರ. ಶನಿವಾರ, ಭಾನುವಾರ ಎರಡೂ ದಿನ ಅವಳು ಗೋಡೆಗೆ ಕಿವಿ ಹಚ್ಚಿ ಕೂತಳು. ಕೀರ್, ಠಕ್: ಮೇಷ್ಟರು. ಕೀರ್, ಠಕ್: ದರ್ಜಿಯ ಗಿರಾಕಿ. ಇದೂ ನನಗಲ್ಲ. ಎರಡು ವರ್ಷ ಶಾಪ ಹಾಕಿದ ಸದ್ದೇ ಈಗ ಅವಳಿಗೆ ಕಾವಲಾಗಿತ್ತು. ಯಾರೇ ಬರಲಿ, ಅದು ಮೊದಲೇ ಕೂಗಿ ಹೇಳುತ್ತದಲ್ಲ ಎಂಬುದೊಂದೇ ಧೈರ್ಯ.

ಸೋಮವಾರ ಬೆಳಿಗ್ಗೆ ತಂಗಿ ಬೀಗದ ಕೈ ತರಲು ಹೋದಳು. ಬ್ಯಾಗುಗಳು ಬಾಗಿಲ ಬಳಿ ಸಿದ್ಧವಾಗಿದ್ದವು. ಹಾಡುಗಾರ್ತಿ ಗೋಡೆಗೆ ಕಿವಿಯಿಟ್ಟು ಕಾದಳು. ಒಂದು ಗಂಟೆಯಾಯಿತು, ಒಂದೂವರೆಯಾಯಿತು, ಗೋಡೆಯಾಚೆ ಮಿಸುಕಾಟವಿಲ್ಲ. ಲಿಫ್ಟು ಕೆಟ್ಟಿರಬೇಕು, ಒಳ್ಳೆಯದೇ ಆಯಿತು ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

"ಅಕ್ಕಾ, ನಾನೇ. ತೆಗಿ."

ಸರಪಳಿ ಬಿಡಿಸಿ ತೆರೆದಳು. "ಮೆಟ್ಟಿಲು ಹತ್ತಿ ಬಂದ್ಯಾ?"

"ಇಲ್ಲಪ್ಪ, ಲಿಫ್ಟಲ್ಲೇ ಬಂದೆ. ಯಾಕೆ?"

"ಅದು ಕಿರುಚಲಿಲ್ಲವಲ್ಲ."

"ಕೆಳಗೆ ವಾಚ್‌ಮನ್ ಏನೋ ಹೇಳ್ತಿದ್ದ... ನಾನು ಟ್ಯಾಕ್ಸಿಯವನ ಜೊತೆ ಫೋನಲ್ಲಿದ್ದೆ, ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಯಾರೋ ಪುಣ್ಯಾತ್ಮ ಬಂದು ರೋಲರ್ ಬದಲಾಯಿಸಿ, ಎಣ್ಣೆ ಬಿಟ್ಟು ಕೊಟ್ಟನಂತೆ. ಕೂಲಿನೂ ಕೇಳಲಿಲ್ಲವಂತೆ."

ತಂಗಿಯ ಬೆನ್ನ ಹಿಂದೆ, ಕಂಬಿ ಬಾಗಿಲಿನಾಚೆ, ಖಾಲಿ ಲಿಫ್ಟು ನಿಂತಿತ್ತು. ಇಬ್ಬರೂ ನೋಡುತ್ತಿದ್ದಂತೆಯೇ ಅದರ ದೀಪ ಒಮ್ಮೆ ಮಿನುಗಿತು. ಕೆಳಗೆ ಯಾರೋ ಗುಂಡಿ ಒತ್ತಿದ್ದರು. ಒಂದಿಷ್ಟೂ ಸದ್ದು ಮಾಡದೆ ಲಿಫ್ಟು ಇಳಿಯತೊಡಗಿತು. ಇಳಿಯಲು ಹದಿನೆಂಟು ಸೆಕೆಂಡು, ಹತ್ತಲು ಹದಿನೆಂಟು.