ಕಂಕಣದ ಉಣ್ಣೆ

ಚೌಡೇಶ್ವರಿ ಕೊನೆಯ ಕರಿ ಉಂಡೆಯನ್ನು ಅಂಗೈಗಳ ನಡುವೆ ಉರುಳಿಸುತ್ತಿದ್ದಳು. ಮುಂದಿನ ಬೋಗುಣಿಯಲ್ಲಿ ಸೋಪು ಕರಗಿಸಿದ ಬಿಸಿನೀರು. ಹಿಂಜಿದ ಉಣ್ಣೆಯನ್ನು ಅದರಲ್ಲಿ ಅದ್ದಿ, ಮೊದಲು ಹಗುರವಾಗಿ, ಆಮೇಲೆ ಬಲ ಹಾಕಿ ತಿಕ್ಕುತ್ತ ಹೋದರೆ ಎಳೆಗೆ ಎಳೆ ಕಚ್ಚಿಕೊಂಡು ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆಯಾಗುತ್ತದೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಅವ್ವ ಅಂಜಿನವ್ವ ಬಾಗಿಲಲ್ಲಿ ಕೂತು ಬಿಳಿ ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದಳು. ಅತ್ತಿಗೆ ಸುಷ್ಮಾ ಆದ ಉಂಡೆಗಳನ್ನು ಒಳಗೊಯ್ದು ಆರಲು ಹಾಕುತ್ತಿದ್ದಳು. ಚೌಡೇಶ್ವರಿಗೆ ಮೊದಲಿನಿಂದಲೂ ಮಾತು ಕಡಿಮೆ. ಉಳಿದಿಬ್ಬರು ಇವತ್ತು ಯಾಕೆ ತನ್ನ ಮುಖ ನೋಡುತ್ತಿಲ್ಲ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಅಲಂಕಾರದ ಸರ ಪೋಣಿಸಲು ಈ ಉಂಡೆಗಳನ್ನು ಮಾಡಿಸಿಕೊಳ್ಳುವ ದಾವಣಗೆರೆಯ ವಿದ್ಯಾನಗರದ ಅಂಗಡಿಯವರು ಯಾವಾಗಲೂ ಬಿಳಿ ಉಣ್ಣೆಯನ್ನೇ ಕಳಿಸುತ್ತಿದ್ದರು. ಈ ಸಲ ಕರಿ ಉಂಡೆಯೂ ಬೇಕಂತೆ, ಉಣ್ಣೆಯನ್ನೂ ಅವರೇ ಕೊಟ್ಟಿದ್ದಾರೆ ಎಂದು ಸುಷ್ಮಾ ನಿನ್ನೆ ಒಂದು ಬುಟ್ಟಿ ತಂದಿಟ್ಟಿದ್ದಳು. ಬೆಣ್ಣೆಯಂಥ ಉಣ್ಣೆ. ಯಾವುದೋ ಮರಿಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಇರಬೇಕು ಅಂದುಕೊಂಡು ಚೌಡೇಶ್ವರಿ ಖುಷಿಯಿಂದಲೇ ತಿಕ್ಕಿದ್ದಳು.

ಕೊನೆಯ ಉಂಡೆಯನ್ನು ತಾನೇ ಒಳಗೆ ಒಯ್ದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಉಂಡೆಗಳು ಅರಿಶಿನದ ಬಟ್ಟೆಯೊಂದರ ಮೇಲೆ ಸಾಲಾಗಿ ಆರುತ್ತಿದ್ದವು. ಸೋದರಮಾವ ಗೋಣೆಪ್ಪ ಅವಳ ಮದುವೆಗೆಂದು ತನ್ನ ಕರಿ ಮರಿಯ ಮೊದಲ ಉಣ್ಣೆಯನ್ನು ಗಂಟು ಕಟ್ಟಿ ತಂದುಕೊಟ್ಟಿದ್ದ ಬಟ್ಟೆ ಅದು. ಅವರ ಮನೆತನದಲ್ಲಿ ಮದುವೆಗೆ ಹತ್ತಿಯ ದಾರ ನಡೆಯುವುದಿಲ್ಲ, ಉಣ್ಣೆಯ ಕಂಕಣವೇ ಆಗಬೇಕು. ಸೋದರಮಾವ ಕೊಟ್ಟ ಉಣ್ಣೆಯನ್ನು ಮನೆಯಲ್ಲೇ ನೂತು ಮದುಮಗಳ ಕೈಗೆ ಕಟ್ಟಬೇಕು. ಗಂಟು ದೇವರ ಗೂಡಿನಲ್ಲಿತ್ತು. ಈಗ ಗೂಡು ಖಾಲಿ. ಒಮ್ಮೆ ಉಂಡೆಯಾದ ಉಣ್ಣೆಯನ್ನು ಬಿಡಿಸಿ ನೂಲಲು ಯಾವ ದೇವರಿಂದಲೂ ಆಗದು. ಉಂಡೆ ಮಾಡಿದ್ದು ಅವಳದೇ ಕೈ.

ಇದು ಅಂಗಡಿಯಿಂದ ಬಂದ ಉಣ್ಣೆಯಾ ಎಂದು ಅತ್ತಿಗೆಯನ್ನು ಕೇಳಿದಳು. ಸುಷ್ಮಾ ಸೆರಗಿಗೆ ಕೈ ಒರೆಸುತ್ತ, "ನಿಮ್ಮಣ್ಣನೇ ತೆಗೆದುಕೊಟ್ರು. ನುಸಿ ತಿನ್ನೋ ಬದ್ಲು ಕೆಲಸಕ್ಕರ ಬರ್ಲಿ ಅಂದ್ರು. ನನ್ನ ಮ್ಯಾಲೆ ಹಾಕಬ್ಯಾಡ" ಎಂದಳು.

ಹೋದ ತಿಂಗಳು ಉಕ್ಕಡಗಾತ್ರಿಯಿಂದ ಸಿದ್ದೇಶ್ ಹೆಣ್ಣು ನೋಡಲು ಬಂದಿದ್ದ. ಗುಡಿಯ ಮುಂದೆ ಹಣ್ಣುಕಾಯಿ ಅಂಗಡಿ ಇಟ್ಟವನು. ಹೊರಡುವ ಮುಂಚೆ ಎಲ್ಲರ ಎದುರಿಗೇ, "ನಿಮಗೆ ಒಪ್ಪಿಗೆ ಐತೇನ್ರಿ?" ಎಂದು ಅವಳನ್ನೇ ಕೇಳಿದ್ದ. ಏಳನೇ ತರಗತಿಯಲ್ಲಿ ಶಾಲೆ ಬಿಡಿಸುವಾಗ ಅವಳನ್ನು ಯಾರೂ ಕೇಳಿರಲಿಲ್ಲ. ಈ ಬೋಗುಣಿಯ ಮುಂದೆ ಕೂರಿಸುವಾಗಲೂ ಕೇಳಿರಲಿಲ್ಲ. ಅವಳು ಹೂಂ ಅಂದಿದ್ದಳು. ಗಂಡಿನವರು ದಿನ ಗೊತ್ತುಮಾಡಲು ಬರುತ್ತಾರೆಂದು ಅಂದಿನಿಂದ ಕಾಯುತ್ತಿದ್ದಳು. ಕಂಕಣದ ಉಣ್ಣೆಯನ್ನೇ ಅಣ್ಣ ಕೆಲಸಕ್ಕೆ ಹಾಕಿದ್ದಾನೆಂದರೆ ಅವರಿಗೆ ಏನೋ ಹೇಳಿ ಕಳಿಸಿರಬೇಕು.

ಅಣ್ಣ ಎರ್ರಿಸ್ವಾಮಿ ಲಗೇಜ್ ಆಟೋ ನಿಲ್ಲಿಸಿ ಒಳಗೆ ಬಂದ. ಆರಿದ ಉಂಡೆಗಳನ್ನು ದಾವಣಗೆರೆಗೆ ಮುಟ್ಟಿಸಬೇಕಿತ್ತು. ಚೀಲ ಬಿಚ್ಚುವಷ್ಟರಲ್ಲಿ ತಂಗಿ ಬಟ್ಟೆಯ ಮುಂದೆ ಅಡ್ಡ ನಿಂತಳು.

"ಸಿದ್ದೇಶ್ ಕಡೆಯೋರಿಗೆ ಏನು ಹೇಳಿದೆ?"

ಅವನು ತಬ್ಬಿಬ್ಬಾದ. ತಂಗಿ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದನ್ನು ಅವನು ಕಂಡಿರಲಿಲ್ಲ. ಆಮೇಲೆ ಸುಧಾರಿಸಿಕೊಂಡು, "ಈ ವರ್ಷ ಆಗಲ್ಲ ಅಂದೆ" ಎಂದ. "ಬರೋ ದೀಪಾವಳಿ ತನಕ ಅಂಗಡಿಯೋರಿಗೆ ಮಾತು ಕೊಟ್ಟೀನಿ. ನಿನ್ನ ಬಿಟ್ರೆ ಈ ಕೆಲಸ ಯಾರು ಮಾಡ್ತಾರೆ? ನಿಮ್ಮತ್ತಿಗೆ ಉಂಡೆ ನೋಡೀಯಲ್ಲ, ಬಾಯಿಬಿಟ್ಟ ಹತ್ತಿಕಾಯಿ ಇದ್ದಂಗೆ."

ಹೇಳಿ ತಾನೇ ನಕ್ಕ. ಅವರು ಕಾರಣ ಕೇಳಲಿಲ್ಲವೇ ಎಂದಳು ಚೌಡೇಶ್ವರಿ. ಅವನು ಚೀಲದ ದಾರದ ಗಂಟು ಬಿಚ್ಚುವುದರಲ್ಲಿ ಮುಳುಗಿದ. ಬಾಗಿಲಿನಿಂದ, ತಲೆಯೆತ್ತದೆ, ಅವ್ವ ಹೇಳಿದಳು: "ನಿನ್ನ ಕೈಗೆ ಚರ್ಮದ ರೋಗ ಐತೆ ಅಂದಾನೆ. ಗುಣ ಆಗ್ಲಿ, ಆಮ್ಯಾಲೆ ನೋಡಾಣ ಅಂದಾನೆ."

"ಸುಳ್ಳೇನಲ್ಲ," ಎಂದ ಎರ್ರಿಸ್ವಾಮಿ. "ಕೈ ನೋಡ್ಕ್ಯ."

ಸೋಪುನೀರಿಗೆ ಬೆರಳಿನ ಸಂದುಸಂದೂ ಒಡೆದಿದ್ದವು. ಅಂಗೈ ಹಸಿ ಮಾಂಸದಂತೆ ಕೆಂಪಾಗಿತ್ತು. ಈ ಮನೆಯ ಕೆಲಸ ಮಾಡಿಯೇ ಕೆಟ್ಟ ಕೈ. ಅದನ್ನೇ ಗಂಡಿನವರಿಗೆ ರೋಗವೆಂದು ಹೇಳಿಕೊಂಡು ಬಂದವನು ಒಡಹುಟ್ಟಿದವನು. ಅದನ್ನು ಕೇಳಿಸಿಕೊಂಡೂ ಕೂತು ಮುಳ್ಳು ಆರಿಸುತ್ತಿರುವವಳು ಹೆತ್ತವಳು. ಚೌಡೇಶ್ವರಿಗೆ ಸಿಟ್ಟು ಬರುವುದೇ ಅಪರೂಪ, ಬಂದರೂ ನುಂಗಿಕೊಂಡೇ ರೂಢಿ. ಇವತ್ತು ನುಂಗಿಕೊಳ್ಳಲಿಲ್ಲ. ನಿಮ್ಮ ಮಾವಗೆ ಹೇಳಿದರೆ ಬೇರೆ ಉಣ್ಣೆ ಕೊಟ್ಟಾನು ಎಂದು ಅವ್ವ ಗೊಣಗಿದ್ದು ಉರಿಗೆ ಇನ್ನಷ್ಟು ಎಣ್ಣೆ ಹೊಯ್ದಂತಾಯಿತು. ಬೋಗುಣಿ ಎತ್ತಿದಳು, ಅವ್ವನನ್ನು ದಾಟಿ ಹೋಗಿ ಅಷ್ಟೂ ನೀರನ್ನು ಚರಂಡಿಗೆ ಚೆಲ್ಲಿದಳು. ಬಿಳಿ ಉಣ್ಣೆಯ ಮೂಟೆ ಹಾಗೆಯೇ ಬಿದ್ದಿತ್ತು. ನಾಳೆ ಅದರ ಉಂಡೆಗಳೂ ಹೋಗಬೇಕಿತ್ತು. ಬೋಗುಣಿಯನ್ನು ಅದರ ಮೇಲೆ ಬೋರಲು ಹಾಕಿದಳು.

"ಲೇ ಚೌಡಿ, ತಲೆ ಕೆಟ್ಟೈತೇನು?" ಎಂದ ಎರ್ರಿಸ್ವಾಮಿ.

ಅವಳು ನೇರವಾಗಿ ಬಂದು ಅವನ ಅಂಗಿಯ ಜೇಬಿನಿಂದ ಫೋನ್ ತೆಗೆದು ಅವನ ಮುಂದೆ ಹಿಡಿದಳು.

"ಸಿದ್ದೇಶ್‌ಗೆ ಫೋನ್ ಹಚ್ಚು. ನನಗೆ ಯಾವ ರೋಗಾನೂ ಇಲ್ಲ, ಈ ಮನೆ ಕೆಲಸಕ್ಕೆ ಕೈ ಹಿಂಗಾಗೈತೆ ಅಂತ ಹೇಳು."

ಅವನು ಅವ್ವನ ಕಡೆ ನೋಡಿದ. ಅವ್ವ ಮಡಿಲೊಳಗಿನ ಉಣ್ಣೆಯಲ್ಲಿ ಇಲ್ಲದ ಮುಳ್ಳು ಹುಡುಕತೊಡಗಿದಳು. ಸುಷ್ಮಾ ಅಡುಗೆಮನೆಗೆ ಸರಿದಳು. ಹೊರಗೆ ಆಟೋದ ಹಿಂದೆ ನಿಂತ ಯಾರೋ ದಾರಿ ಬಿಡಿ ಎಂದು ಹಾರ್ನ್ ಹೊಡೆಯುತ್ತಿದ್ದರು.

"ಹಚ್ಚಣ್ಣ," ಎಂದಳು ಚೌಡೇಶ್ವರಿ.