ದೀಪದ ಸರದಿ

ದೈವದ ಕೋಣೆಯ ಹೊಸ್ತಿಲಲ್ಲಿ ಎಣ್ಣೆಯ ವಾಸನೆಗೆ ಸೇಸಮ್ಮನಿಗೆ ಓಕರಿಕೆ ಬಂತು. ಮುಟ್ಟು ನಿಂತ ಹೆಂಗಸರೇ ಅಲ್ಲಿ ದೀಪ ಹಚ್ಚುವುದು ಬೆಳುವಾಯಿಯ ಆ ಮನೆಯ ಕ್ರಮ. ನಲವತ್ತಮೂರರ ಸೇಸಮ್ಮನಿಗೆ ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಮಗುವಿನ ಆಸೆ ಬಿಟ್ಟು, ಅತ್ತೆ ಕಾವೇರಮ್ಮನಿಂದ ಅವಳು ಇಂದೇ ದೀಪದ ಕೆಲಸ ವಹಿಸಿಕೊಂಡಿದ್ದಳು.

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ನರ್ಸ್ ಲೋಲಾಕ್ಷಿಯನ್ನು ಅತ್ತೆ ಕರೆಸಿದರು. ಲೋಲಾಕ್ಷಿ ಹೊಟ್ಟೆ ಒತ್ತಿ ನೋಡಿ ನಕ್ಕಳು.

“ಹೆಣ್ಣು ಹುಟ್ಟುವಾಗಲೇ ಅಂಡಗಳನ್ನೆಲ್ಲ ಹೊತ್ತುಕೊಂಡು ಬರ್ತಾಳೆ ಸೇಸಕ್ಕ. ವರ್ಷ ಹೋದ ಹಾಗೆ ಅವು ಕಡಿಮೆ ಆಗ್ತವೆ. ನಿಮ್ಮದು ಇನ್ನೂ ಮುಗಿದಿರಲಿಲ್ಲ. ನೀವು ಬಸುರಿ.”

“ತಮಾಷೆ ಮಾಡ್ಬೇಡ ಮಾರಾಯ್ತಿ,” ಎನ್ನುತ್ತ ಸೇಸಮ್ಮ ಗೋಡೆ ಹಿಡಿದು ಕುಳಿತಳು.

ಕಾವೇರಮ್ಮ ಅವಳ ಕೈಯಿಂದ ಎಣ್ಣೆಯ ಗಿಂಡಿ ತೆಗೆದುಕೊಂಡರು. “ದೈವಕ್ಕೆ ನಾನು ಹೇಳ್ತೇನೆ. ಇನ್ನು ಕೆಲವು ವರ್ಷ ಈ ಮುದುಕಿಯೇ ಸಾಕು ಅಂತ.”