ಮಾವನ ಬಿಗಿ ಕೈ

ಸೊಸೆ ತನ್ನ ಮುಂದಿದ್ದ ಅಂಗಿ ಗುಂಡಿಗಳನ್ನೆಲ್ಲ ಎರಡೂ ಕೈಯಿಂದ ಮೇಜಿನ ನಡುವಿಗೆ ತಳ್ಳಿದಳು. "ಇಷ್ಟೂ ಪಣಕ್ಕೆ, ಮಾವ." ಕೈಯಲ್ಲಿದ್ದದ್ದು ಕಳಾವರದ ಏಳು, ಇಸ್ಪೀಟಿನ ಎರಡು, ಯಾತಕ್ಕೂ ಬಾರದ ಎಲೆಗಳು. ಆದರೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆಗಳಲ್ಲಿ ಮೂರು ಆಟೀನು ಬಿದ್ದಿದ್ದವು. ಪೋಕರ್‌ನಲ್ಲಿ ಒಂದೇ ಗುರುತಿನ ಐದು ಎಲೆ ಕೂಡಿದರೆ ದೊಡ್ಡ ಕೈ; ಕೈಯಲ್ಲೂ ಎರಡು ಆಟೀನು ಇದ್ದವರದೇ ಆಗ ದರ್ಬಾರು. ತನ್ನಲ್ಲಿ ಅವು ಇವೆಯೆಂದು ಮಾವನನ್ನು ನಂಬಿಸಿದರೆ ಸಾಕಿತ್ತು.

ನಂಬಿಸುವುದು ಕಷ್ಟವೂ ಅಲ್ಲ. ಅಂಗಡಿಗಳ ಬೋರ್ಡು ಬರೆಯುವ ಮಾವನದು ಬಲು ಬಿಗಿ ಕೈ. ಭಾನುವಾರ ಮಧ್ಯಾಹ್ನ ಆಟಕ್ಕೆ ಕೂತರೆ ಹತ್ತರಲ್ಲಿ ಒಂಬತ್ತು ಸಲ ಎಲೆ ಮಗುಚಿ ಸುಮ್ಮನಾಗುವರು. ರಾಜನೋ ರಾಣಿಯೋ ಬಂದರಷ್ಟೇ ಗುಂಡಿ ಮುಂದೆ ಸರಿಯುವುದು. "ಅಪ್ಪನ ಕೈ ಬಿಚ್ಚಿಸೋಕೆ ಬೀಗ ರಿಪೇರಿಯವನೇ ಬರಬೇಕು" ಎಂದು ಮಗ ನಗುತ್ತಿದ್ದ. ಅವನು ಆಗಲೇ ಗುಂಡಿಗಳನ್ನೆಲ್ಲ ಕಳೆದುಕೊಂಡು ಒಲೆಯ ಮುಂದೆ ಟೀ ಸೋಸುತ್ತಿದ್ದ.

ಮಾವ ಎಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ ನಿಟ್ಟುಸಿರಿಟ್ಟು ಎರಡನ್ನೂ ತೆರೆದು ಎಸೆದರು. "ತಗೊಳಮ್ಮ, ನಿಂದೇ ಗೆಲುವು. ನಂದೇನಿದೆ? ಒಂದು ಆಟೀನು, ಒಂದು ಡೈಮಂಡು."

ಕೆಂಪೇನೋ ಹೌದು, ಆದರೆ ಎರಡೂ ಆಟೀನೇ. ಗೆದ್ದ ಆಟವನ್ನು ಮಾವ ಕೈಯಾರೆ ಬಿಟ್ಟುಕೊಟ್ಟಿದ್ದರು. ಮಗ ಏನೋ ಹೇಳಲು ಬಾಯಿ ತೆರೆದ. ಸೊಸೆ ಕಣ್ಣಲ್ಲೇ ಗದರಿದಳು. ಗುಂಡಿಗಳನ್ನು ಬಾಚಿಕೊಳ್ಳಲು ಅವಳಿಗೆ ಕೈ ಬರಲಿಲ್ಲ. ರಾಜ ರಾಣಿಯರಿಗಾದರೆ ದೊಡ್ಡ ಚಿತ್ರವಿದೆ, ಮಿಕ್ಕ ಎಲೆಗಳು ಇವರಿಗೆ ಬರೀ ಕಲೆಗಳು. ಇದು ಬಿಗಿ ಕೈಯಲ್ಲ. ನಾಳೆ ಬೆಳಿಗ್ಗೆ ಈ ಮನುಷ್ಯ ಔಷಧಿ ಅಂಗಡಿಯ ಬೋರ್ಡಿಗಾಗಿ ಎರಡು ಮಹಡಿ ಎತ್ತರ ಏಣಿ ಹತ್ತುವವರಿದ್ದರು.

"ಮಾವ, ಎಷ್ಟು ದಿನದಿಂದ ಹೀಗೆ?"

ಅವರು ಅರ್ಥವಾಗದವರಂತೆ ನಟಿಸಲು ನೋಡಿದರು, ಆಗಲಿಲ್ಲ. "ಮೂರು ವರ್ಷ ಆಗಿರಬಹುದು. ಬಣ್ಣ ಗೊತ್ತಾಗುತ್ತೆ, ಅಂಚು ಕಲಸಿಹೋಗುತ್ತೆ. ಬೋರ್ಡಿನ ಅಕ್ಷರ ಆಳೆತ್ತರ ಇರುತ್ತಲ್ಲ, ಹೇಗೋ ನಡೀತಿದೆ."

"ಏಣಿ ಮೆಟ್ಟಿಲೂ ಆಳೆತ್ತರ ಇರುತ್ತಾ?"

ಮಾವ ತಾವು ಎಸೆದ ಎಲೆಗಳನ್ನು ಮಗುಚಿಟ್ಟರು. ಆಮೇಲೆ ಮೆಲ್ಲಗೆ, "ಹೇಳಿದ್ರೆ ಕುಂಚ ಕಿತ್ಕೊಂಡು ಮೂಲೇಲಿ ಕೂರಿಸ್ತೀರಿ ಅಂತ ಭಯ ಆಯ್ತಮ್ಮ" ಎಂದರು.

"ಕುಂಚ ಯಾರಿಗೆ ಬೇಕು? ನಾಳೆ ಶಾಲೆ ಬಸ್ಸು ಓಡಿಸೋಕೆ ಹೋಗಲ್ಲ, ರಜೆ ಹಾಕ್ತೀನಿ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗೋದು."

ಪೊರೆ, ಎರಡೂ ಕಣ್ಣಿಗೆ. ಡಾಕ್ಟರು ಒಂದಾದ ಮೇಲೆ ಒಂದರಂತೆ ತೆಗೆದರು. ಔಷಧಿ ಅಂಗಡಿಯವನು ಗೊಣಗುತ್ತಲೇ ಎರಡು ತಿಂಗಳು ಕಾದ.

ಕಪ್ಪು ಕನ್ನಡಕ ತೆಗೆದ ಮೇಲಿನ ಮೊದಲ ಭಾನುವಾರ ಮೂವರೂ ಮತ್ತೆ ಆಟಕ್ಕೆ ಕೂತರು. ಮಾವ ಸಿಕ್ಕ ಸಿಕ್ಕ ಎಲೆಗೆಲ್ಲ ಗುಂಡಿ ಎಸೆಯುತ್ತಿದ್ದರು. ಮಗ ಅರ್ಧ ಗಂಟೆಯಲ್ಲೇ ಬರಿಗೈಯಾಗಿ ಒಲೆಯ ಕಡೆ ನಡೆದ. ಸೊಸೆಗೂ ಎಲೆ ಕೂಡಿಬರಲಿಲ್ಲ. ಕೊನೆಗೆ ಅವಳು ಧೈರ್ಯ ಮಾಡಿ ಇದ್ದಬದ್ದ ಗುಂಡಿಯನ್ನೆಲ್ಲ ನಡುವಿಗೆ ತಳ್ಳಿ, ತನ್ನ ಹತ್ತಿರ ರಾಜರ ಜೋಡಿಯೇ ಇರುವಂತೆ ಬೀಗಿ ಕೂತಳು.

ಮಾವ ಎಲೆಗಳನ್ನು ಮೇಜಿನ ಮೇಲಿಟ್ಟು ಅವಳ ಮುಖವನ್ನೇ ನೋಡಿದರು. ಅವಳಿಗೆ ನಾಚಿಕೆಯಾಗುವಷ್ಟು ಹೊತ್ತು ನೋಡಿದರು.

"ಏನ್ ಮಾವ ಹಾಗ್ ನೋಡ್ತೀರಾ?"

"ಸುಳ್ಳು ಹೇಳುವಾಗ ನಿನ್ನ ಎಡಗೆನ್ನೇಲಿ ಗುಳಿ ಬೀಳುತ್ತೆ ಕಣಮ್ಮ" ಎಂದರು ಮಾವ. "ನೀನು ಈ ಮನೆಗೆ ಬಂದು ಎರಡು ವರ್ಷ ಆಯ್ತು. ಇವತ್ತೇ ನೋಡಿದ್ದು."